ಕಾರುಗಳ ಕೆಳಗಿನ ಕೋಣೆ

ತುರ್ಕುವಿನಿಂದ ಸ್ಟಾಕ್‌ಹೋಮಿಗೆ ಒಂದು ರಾತ್ರಿ,
ಮರಳಿ ಬರಲು ಒಂದು ಹಗಲು.
ಫೆಬ್ರವರಿಯ ಹಿಮರಜೆ. ಉಳಿದವರ ಮಕ್ಕಳು
ಉತ್ತರದ ಗುಡ್ಡಗಳಲ್ಲಿ ಜಾರಾಡಲು ಹೋದ ವಾರ
ನಾವು ಅಡುಗೆಮನೆಯ ಮೇಜಿನ ಮೇಲೆ
ಹಡಗಿನ ನಕ್ಷೆ ಹರಡಿಕೊಂಡು ಕೂತೆವು,
ಸಾಯ್ಮಿಯ ಒದ್ದೆ ಕೈಗವಸು ರೇಡಿಯೇಟರಿನ ಮೇಲೆ ಒಣಗುತ್ತಿತ್ತು.

ಒಂಬತ್ತನೆಯ ಅಂತಸ್ತು: ಕಿಟಕಿ, ಕಡಲು, ನೂರ ಹದಿನೆಂಟು ಯೂರೋ.
ಐದನೆಯದು: ಕಿಟಕಿಯಿಲ್ಲ, ಎಪ್ಪತ್ತನಾಲ್ಕು.
ಎರಡನೆಯದು ನಲವತ್ತಾರು.
ಅದಕ್ಕೆ ಪುಸ್ತಿಕೆಯಲ್ಲಿ ಚಿತ್ರವೇ ಇರಲಿಲ್ಲ.

‘ಎರಡನೆಯದು ಅಂದರೆ ಎಲ್ಲಿ?’ ಅತ್ತೆ ಹಿಲ್ಕ ಕೇಳಿದರು.
‘ಕಾರು ನಿಲ್ಲಿಸುವ ಅಂತಸ್ತಿನ ಅಡಿಗೆ,’ ಎಂದ ಎನ್ಸಿಯೊ,
‘ನೀರಿನ ಮಟ್ಟಕ್ಕಿಂತ ಕೆಳಗೆ.’
ಅತ್ತೆ ಕಾಫಿ ಕಲಕುವುದನ್ನು ನಿಲ್ಲಿಸಿದರು:
‘ಮಣ್ಣಿನ ಕೆಳಗೆ ಮಲಗುವುದು ಹೇಗೂ ಇದ್ದೇ ಇದೆ,
ನೀರಿನ ಕೆಳಗೂ ಒಂದು ರಾತ್ರಿ ಮಲಗಿ ನೋಡೋಣ.’

ನಾನು ಕೂಡಿದೆ, ಕಳೆದೆ, ಮತ್ತೆ ಕೂಡಿದೆ.
ಗುರುವಾರ ಗುರುವಾರ ಶಾಲೆಯ ಮುನ್ನೂರು ತಟ್ಟೆಗೆ
ಬಟಾಣಿ ಸೂಪು ಅಳೆದು ಹಾಕುವ ಕೈ ಇದು,
ಕೊನೆಯ ಹುಡುಗನಿಗೂ ಸೌಟಿನ ತುಂಬ ಉಳಿಯಬೇಕು.
ಕಿಟಕಿ ಹಿಡಿದರೆ ಊಟ ಬ್ರೆಡ್ಡು, ಮನೆಯಿಂದ ಕಟ್ಟಿಕೊಂಡದ್ದು.
ಕಿಟಕಿ ಬಿಟ್ಟರೆ ನಾಲ್ವರಿಗೂ ಬಿಸಿ ಮೀನು, ಸಾಯ್ಮಿಗೆ ಬೇಕಾದಷ್ಟು ಐಸ್‌ಕ್ರೀಮು.
ಹಡಗು ಬಿಡುವುದೇ ರಾತ್ರಿ ಒಂಬತ್ತಕ್ಕೆ.
ಕಪ್ಪು ಗಾಜಿನಲ್ಲಿ ನಮ್ಮ ಮುಖ ನಾವೇ ನೋಡಿಕೊಳ್ಳಲು
ಎಪ್ಪತ್ತೆರಡು ಯೂರೋ ಹೆಚ್ಚಿಗೆ ಕೊಡುವುದೆ?
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಹಾಸಿಗೆಗಳೇನೋ ನಾಲ್ಕು, ಎರಡು ಕೆಳಗೆ, ಎರಡು ಗೋಡೆಯಿಂದ ಬಿಚ್ಚಿಕೊಳ್ಳುವಂಥವು;
ಎನ್ಸಿಯೊನ ಕಾಲು ನಾಲ್ಕಕ್ಕಿಂತಲೂ ಉದ್ದ.

ಅವನು ಏನೂ ಹೇಳಲಿಲ್ಲ.
ನವೆಂಬರಿನಲ್ಲಿ ಆ ಕಾಗದ ಬರುವವರೆಗೆ ಇಪ್ಪತ್ತೆರಡು ವರ್ಷ
ಹಡಗುಕಟ್ಟೆಯಲ್ಲಿ ಉಕ್ಕು ಕೊಯ್ದವನು, ಬೆಸೆದವನು.
ಎಷ್ಟು ಕಿಟಕಿಗೆ ತೂತು ಕೊರೆದನೋ,
ಒಂದರಿಂದಲೂ ಕಡಲು ನೋಡಿದವನಲ್ಲ.
ಪೆನ್ನು ತೆಗೆದುಕೊಂಡು
ನಲವತ್ತಾರರ ಸುತ್ತ ಒಂದು ಸೊನ್ನೆ ಸುತ್ತಿದ.

ಇಳಿದೆವು, ಇಳಿದೆವು.
ನಡುವೆ ಎಲ್ಲೋ ರತ್ನಗಂಬಳಿ ಮುಗಿದು ರಬ್ಬರು ಶುರುವಾಯಿತು,
ಡೀಸೆಲ್ಲಿನ ವಾಸನೆ, ತಲೆಯ ಮೇಲೆ ಲಾರಿಗಳಿಗೆ ಸರಪಳಿ ಬಿಗಿಯುವ ಸದ್ದು.
ಕೋಣೆಯಲ್ಲಿ, ಯಾರಿಗೆ ಹೊಳೆಯಿತೋ ಈ ಮರ್ಯಾದೆ,
ಎದುರುಗೋಡೆಗೆ ನೀಲಿ ಪರದೆ ಕಟ್ಟಿದ್ದರು.
ಸಾಯ್ಮಿ ಓಡಿಹೋಗಿ ಸರಿಸಿದಳು.
ಗೋಡೆ. ಕೆನೆಬಣ್ಣದ, ಒರೆಸಿ ಇಟ್ಟ ಗೋಡೆ.
ನಾವು ಮೂವರೂ ಅವಳ ಬೆನ್ನನ್ನೇ ನೋಡುತ್ತ ನಿಂತೆವು.
ಅವಳು ಪರದೆಯನ್ನು ಮೊದಲಿನಂತೆ ಎಳೆದು ಮುಚ್ಚಿ
‘ರಾತ್ರಿ ಆಗಿದೆ,’ ಎಂದಳು.

ನಡುರಾತ್ರಿ ಮಂಜುಗಡ್ಡೆ.
ತಳ ಹಿಡಿದ ಪಾತ್ರೆಯನ್ನು ಯಾರೋ ಸೌಟಿನಿಂದ ಕೆರೆಯುವ ಹಾಗೆ,
ಕೆರೆಯುತ್ತ ಕೆರೆಯುತ್ತ ದಿಂಬಿನ ಬದಿಗೇ ಬಂದ ಹಾಗೆ.
‘ಅಪ್ಪಾ, ಯಾರದು?’
ಮೇಲಿನ ಹಾಸಿಗೆಯಿಂದ ಎರಡು ಉದ್ದ ಕಾಲು ಇಳಿದವು.
ಅವನು ಅಂಗೈಯನ್ನು ಗೋಡೆಗೊತ್ತಿ ನಿಂತ,
ಜ್ವರದ ಮಗುವಿನ ಹಣೆ ಮುಟ್ಟುವಂತೆ.
‘ಮಂಜು. ಒಳಗೆ ಬರಲ್ಲ.’
‘ನಿನಗೆ ಹೇಗೆ ಗೊತ್ತು?’
ಆಗ ಅವನು ಮಾತಾಡಿದ.
ಹಲಗೆ ಎಷ್ಟು ದಪ್ಪ, ಬೆಸುಗೆ ಎಷ್ಟು ಪದರ,
ಒಂದೊಂದು ಪದರವನ್ನೂ ಹೇಗೆ ಉಜ್ಜಿ ನೋಡುತ್ತಾರೆ,
ಗುಳ್ಳೆಯೊಂದು ಕಂಡರೂ ಹೇಗೆ ಕಿತ್ತು ಮತ್ತೆ ಮಾಡಿಸುತ್ತಾರೆ.
ನವೆಂಬರಿನಿಂದೀಚೆಗೆ ಮನೆಯಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು.
ಅವಳು ಎರಡನೆಯ ಪದರಕ್ಕೇ ನಿದ್ದೆಹೋದಳು.
ಅವನು ನಿಲ್ಲಿಸಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೇ ಕೇಳಿದೆ.

ಬೆಳಗ್ಗೆ ಅತ್ತೆಯ ಹಾಸಿಗೆ ಖಾಲಿ.
ಏಳನೆಯ ಅಂತಸ್ತಿನ ಹಾದಿಯಲ್ಲಿ ಸಿಕ್ಕರು,
ಆಳೆತ್ತರದ ಗಾಜಿನೆದುರು, ಫ್ಲಾಸ್ಕಿನೊಂದಿಗೆ.
ದ್ವೀಪಗಳು ಒಂದರ ಹಿಂದೊಂದು ಬೂದಿಯಿಂದ ಏಳುತ್ತಿದ್ದವು.
‘ಐದರಿಂದ ಕೂತಿದ್ದೇನೆ. ಇಲ್ಲಿ ಯಾರೂ ಚೀಟಿ ಕೇಳಲಿಲ್ಲ.’
ಚೀಲ ತರಲು ನಾನೂ ಸಾಯ್ಮಿಯೂ ಮತ್ತೆ ಕೆಳಗಿಳಿದೆವು.
ದೀಪ ಆರಿಸುವ ಮುಂಚೆ
ಅವಳು ಗೋಡೆಯ ಬಳಿ ಹೋಗಿ
ನೀಲಿ ಪರದೆಯನ್ನು ಪೂರ್ತಿ ಸರಿಸಿಟ್ಟು ಬಂದಳು.