ಮೊಳೆಗೆ ನೇತ ರಟ್ಟುಗಳು

ಕೌಲ್ ಬಜಾರಿನ ಓಣಿಯೊಂದರಲ್ಲಿ
ಕೆಳಗೆ ಜೀನ್ಸ್ ಕತ್ತರಿಸುವ ಮನೆ, ಮೇಲೆ ನಮ್ಮ ಆಫೀಸು:
ನಾಲ್ಕು ಕುರ್ಚಿ, ಒಂದು ಕೂಲರು,
ಅಂಗಾಲಿನಿಂದ ಏರುವ ಮಷಿನ್ನಿನ ನಡುಕ.
ಕುಡಿಯುವ ನೀರಿನ ಮೇಲೂ ತೆಳ್ಳಗೆ ನೀಲಿ ಧೂಳು.

ನನ್ನ ಕೆಲಸ ಏನೆಂದು ಅಮ್ಮನಿಗೆ ಇನ್ನೂ ಹೇಳಲಾಗಿಲ್ಲ.
ಇಲ್ಲದ ಮನೆಗಳನ್ನು ಬರೆಯುತ್ತೇನೆ;
ಬರೆದದ್ದನ್ನು ಓದಿ ಎಲ್ಲೋ ದೂರದ ಯಂತ್ರ
ಗೋಡೆ ಎಬ್ಬಿಸುತ್ತದೆ, ಬಾಗಿಲಿಗೆ ಕಾವಲಿಡುತ್ತದೆ,
ಕಡತಕ್ಕೊಂದು ಕೋಣೆ, ಕೋಣೆಗೊಂದು ಕೀಲಿ.
ಸಂಜೆ ಕೆಡವು ಎಂದರೆ ಕೆಡವುತ್ತದೆ
ಇಟ್ಟಿಗೆಯ ಚೂರೂ ಉಳಿಯದ ಹಾಗೆ.

ಮೊದಲ ವರ್ಷ ಪ್ರತಿ ಗಿರಾಕಿಗೂ ಬೇರೆಯೇ ಬರೆದೆ.
ಹತ್ತಿ ಮಂಡಿಗೊಂದು, ಡಯಾಲಿಸಿಸ್ ಆಸ್ಪತ್ರೆಗೊಂದು,
ತೋರಣಗಲ್ಲಿನ ಲಾರಿ ಮಾಲೀಕರಿಗೊಂದು.
ಬೇರೆ ಎಂದರೆ, ಒಂದರಿಂದ ಎತ್ತಿ ಇನ್ನೊಂದಕ್ಕೆ ಅಂಟಿಸಿದ್ದು.
ಆಸ್ಪತ್ರೆಯ ಬಾಗಿಲ ಮೇಲೆ ಮಂಡಿಯ ಹೆಸರು ಉಳಿದು
ಎರಡು ರಾತ್ರಿಯ ನಿದ್ದೆ ಹೋಯಿತು.

ಆಮೇಲೆ ಒಂದೇ ಮಾಡ್ಯೂಲು ಬರೆದೆ, ಎಲ್ಲರಿಗೂ ಆಗುವಂಥದ್ದು.
ನಲವತ್ತೊಂದು ಪ್ರಶ್ನೆ ಕೇಳುತ್ತಿತ್ತು ಅದು.
ಗಾದಿಲಿಂಗ ಎರಡು ದಿನ ಕೂತು ಉತ್ತರ ತುಂಬಿದ,
ಮೂರನೇ ದಿನ ಏನೂ ಅನ್ನದೆ ಚಹಾಕ್ಕೆ ಎದ್ದು ಹೋದ.
ನಾನೂ ಇಳಿದೆ.

ಕೆಳಗೆ ಹುಸೇನಪ್ಪ ಮಾಸ್ತರರ ಗೋಡೆ.
ಸಾಲು ಮೊಳೆ. ಮೊಳೆಗೆ ನೇತ ರಟ್ಟಿನ ಕಾಲು, ರಟ್ಟಿನ ಜೇಬು,
ಯಾರ ಮೈಯೂ ಅಲ್ಲದ ಮೈಗಳ ಅಂದಾಜು.
"ಎಲ್ಲರಿಗೂ ಆಗೋ ಪ್ಯಾಟರ್ನ್ ಐತಾ ಮಾಸ್ತರೇ?"
ಬಾಯಲ್ಲಿದ್ದ ಗುಂಡುಸೂಜಿ ತೆಗೆದರು.
"ಎಲ್ಲರಿಗೂ ಆಗೋದು ಪ್ಯಾಂಟಲ್ಲವ್ವ, ಚೀಲ.
ಸೊಂಟ ಕೇಳು, ಉದ್ದ ಕೇಳು, ಜಿಪ್ಪೋ ಗುಂಡಿಯೋ ಕೇಳು.
ಮೊಣಕಾಲು ಎಲ್ಲಿ ಬಗ್ಗತೈತೆ ಅಂತ ಗಿರಾಕೀನ ಕೇಳಬ್ಯಾಡ.
ಅದು ನಿನಗ ಗೊತ್ತಿರಬೇಕು."

ನಲವತ್ತೊಂದರಲ್ಲಿ ಆರು ಉಳಿದವು.

ಮೂಲೆಯಲ್ಲೊಂದು ಅಗಲ ಪಾದದ ರಟ್ಟು, ಅಂಚೆಲ್ಲ ಸವೆದು,
ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಹಳೆಯ ಇಸವಿ. ಯಾಕೆ ಎಸೆದಿಲ್ಲ?
"ಸಿಂಧನೂರಿನ ಅಂಗಡಿಯವ ಇದನ್ನೇ ಕೇಳ್ತಾನ.
ಹೊಸದು ಬಂತಂತ ಹಳೇದರ ಮ್ಯಾಲೆ ಕತ್ತರಿ ಆಡಿಸಿದರ
ಅವನ ಪ್ಯಾಂಟು ಯಾರು ಹೊಲೀಬೇಕು?"
ಅವತ್ತಿನಿಂದ ನನ್ನ ಮಾಡ್ಯೂಲಿನ ಬೆನ್ನಿಗೂ ಅಂಕಿ.
ಮಂಡಿ ಮೂರಕ್ಕೆ ಬಂತು. ಆಸ್ಪತ್ರೆ ಎರಡರಲ್ಲೇ ನಿಂತಿತು.

ಏಪ್ರಿಲ್ಲಿನ ಒಂದು ರಾತ್ರಿ, ಗೋಡೆಗಳು ಇನ್ನೂ ಕಾದಿದ್ದಾಗ,
ಅದನ್ನೂ ಮೂರಕ್ಕೆ ಏರಿಸಿಬಿಡೋಣ ಅನ್ನಿಸಿತು.
ಮಾಡುವ ಮೊದಲು ಮಾಡಲಿರುವುದನ್ನು ಹೇಳುತ್ತದೆ ಯಂತ್ರ,
ಅಷ್ಟು ಮರ್ಯಾದೆ ಅದಕ್ಕಿದೆ:
ಹೊಸದು ಮೂರು. ಬದಲು ಎರಡು. ನಾಶ ಒಂದು.
ಹೆಸರಿನ ನಡುವೆ ಒಂದು ಅಡ್ಡಗೆರೆ ಸೇರಿಸಿದ್ದೆ, ಅಷ್ಟೇ.
ಅಷ್ಟಕ್ಕೇ ಹಳೆಯ ಕೋಣೆ ಕೆಡವಿ ಹೊಸದು ಕಟ್ಟುತ್ತೇನೆ ಎನ್ನುತ್ತಿದೆ;
ಆ ಕೋಣೆಯೊಳಗೆ
ಮುನ್ನೂರ ಹನ್ನೆರಡು ಜನರ ರಕ್ತದ ಲೆಕ್ಕ.

ಯೆಸ್ ಎಂದು ಪೂರ್ತಿ ಬರೆಯಬೇಕು. ಸಾಲು ಸರಿಯಾಗಿ ಓದದೆ
ವೈ ಒತ್ತಿಯಾಗಿತ್ತು.
ಕೆಳಗೆ ಮಷಿನ್ನು ನಿಂತಿತು.

ಮೆಟ್ಟಿಲಿನಿಂದ ಇಣುಕಿದೆ.
ಮೇಜಿನ ಮೇಲೆ ಎಂಬತ್ತು ಪದರ ಡೆನಿಮ್ಮು,
ಎಲ್ಲಕ್ಕೂ ಸೇರಿ ಸೀಮೆಸುಣ್ಣದ್ದೊಂದು ಗೆರೆ.
ಬ್ಲೇಡು ಇಳಿಸದೆ ಮಾಸ್ತರರು ಅಂಗೈ ಊರಿ, ಕಣ್ಣು ಮುಚ್ಚಿ,
ಒಳಗೆಲ್ಲೋ ಪದರ ಜಾರಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದರು,
ಜ್ವರದ ಮಗುವಿನ ಹೊಟ್ಟೆ ಮುಟ್ಟಿ ನೋಡುವ ಹಾಗೆ.

ಮೇಲೆ ಬಂದು ವೈ ಅಳಿಸಿದೆ.

ಮರುದಿನ ಅವರೇ ಕೇಳಿದರು: "ನಿನ್ನ ಮಾಲು ಎಲ್ಲೈತವ್ವಾ?"
"ಮುಂಬೈ ಕಡೆ, ಯಾರದೋ ಬಾಡಿಗೆ ಕಟ್ಟಡ."
"ನೋಡೀಯೇನು?"
"ಇಲ್ಲ ಮಾಸ್ತರೇ."
"ನನ್ನವು ಯಾರು ತೊಡ್ತಾರೋ, ನಾನೂ ನೋಡಿಲ್ಲ."
ರಟ್ಟು ಮೊಳೆಗೆ ಹಾಕಿದರು. ಮೊಳೆ ಸಡಿಲಿತ್ತು.
ಚಪ್ಪಲಿ ಬಿಚ್ಚಿ ಎರಡು ಏಟು ಬಡಿದರು.