ಚಿಲ್ಲರೆ ಬಾಕಿ

ನಿನ್ನೆಯ ಮದುವೆಯ ಥರ್ಮೊಕೋಲ್ ಅಕ್ಷರಗಳು
ಇನ್ನೂ ಗೋಡೆಗೇ ಇದ್ದವು,
ವರನ ಹೆಸರಿನದೊಂದು ಒತ್ತು ಮಾತ್ರ ಉದುರಿತ್ತು.
ಊಟದ ಟೇಬಲ್ಲುಗಳ ಮೇಲೆ ಕೆಂಪು ಮಖಮಲ್ಲು,
ಅದರ ಮೇಲೆ ರಾಜರು, ರಾಣಿ, ಗೋಧಿ ತೆನೆ, ಹುಲಿ;
ಅಡಿಯಿಂದ ಆರಿದ ಸಾರಿನ ವಾಸನೆ.
ದಾವಣಗೆರೆ, ಭಾನುವಾರ, ನಾಣ್ಯ ಪ್ರದರ್ಶನ,
ತಲೆಗೆ ಹತ್ತು ರೂಪಾಯಿ.
ಕೈಗೆ ನೇರಳೆ ಸೀಲು ಒತ್ತಿದ ಹುಡುಗನನ್ನು
ಅವ್ವ ಬಿಡಲಿಲ್ಲ: "ಟಿಕೀಟು?"

ಹದಿನೆಂಟು ವರ್ಷ ಜಗಳೂರು ರೂಟಿನ ಕಂಡಕ್ಟರು
ನಮ್ಮವ್ವ ಹಾಲಮ್ಮ.
ಲೈಟು ಕೆಟ್ಟ ಬಸ್ಸಿನಲ್ಲಿ, ಒಂದು ಕೈ ಕಂಬಿಗೆ ಕೊಟ್ಟು,
ಎಂಟಾಣೆ ಯಾವುದು, ರೂಪಾಯಿ ಯಾವುದು
ಚರ್ಮದ ಚೀಲದ ಕತ್ತಲಲ್ಲೇ ಆರಿಸುತ್ತಿದ್ದಳು.
ಒಂದನ್ನೂ ತಿರುಗಿಸಿ ನೋಡಿದವಳಲ್ಲ.

"ಅಯ್ಯ ಶಿವನೆ, ಇದಕ್ಕೆ ಮುನ್ನೂರಾ?"
ಭೂಪಟದ ಎರಡು ರೂಪಾಯಿ ಎತ್ತಿ ನಕ್ಕಳು.
"ಇಂಥವು ಮೂಟೆಗಟ್ಟಲೆ ಡಿಪೋಕ್ಕೆ ಕಟ್ಟೀನಿ."
ಇಲಿಯಾಜ್ ಸಾಬರು ಭೂತಗನ್ನಡಿಯಿಂದ ಕಣ್ಣು ತೆಗೆಯದೆ,
"ಬದಲಿಸಿ ಇಟ್ಕೊಂಡಿದ್ರೆ ಮನೆ ಕಟ್ಟಬಹುದಿತ್ತು, ಅಕ್ಕಾ."
"ಬದಲಿಸಾಕೆ ನಮ್ಮ ಹತ್ರ ರೊಕ್ಕ ಇರಬೇಕಲ್ರಿ."

ನನಗೆ ಬೇಕಿದ್ದದ್ದು ಆನೆ ಕಾಸು.
ಹಾರ್ಲಿಕ್ಸ್ ಬಾಟಲಿಯ ನಾನೂರ ಅರವತ್ತು ರೂಪಾಯಿ
ಚಡ್ಡಿ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.
ಮೂಲೆಯ ಟೇಬಲ್ಲಿನಲ್ಲಿ ಒಂದು ಸಿಕ್ಕಿತು:
ಸೊಂಡಿಲು, ದಂತ, ಬೆನ್ನ ಮೇಲೆ ಚಂದ್ರ,
ನಿನ್ನೆ ತಾನೇ ಕಾಡಿನಿಂದ ಬಂದ ಹಾಗೆ.
ಅವ್ವ ಅಂಗೈಯಲ್ಲಿ ತೂಗಿದಳು.
ಉಗುರಿಂದ ಅಂಚು ಸವರಿದಳು.
ಆಮೇಲೆ, ನನಗೆ ನಾಚಿಕೆಯಾಗುವಂತೆ, ಮೂಸಿದಳು.
"ಬೂಟ್ ಪಾಲಿಶು," ಅಂದಳು, ಮೆಲ್ಲಗೂ ಅಲ್ಲ.
ಆ ಮೂಲೆಯಲ್ಲಿ ಎಲ್ಲರಿಗೂ ಒಮ್ಮೆಲೇ ಕೆಮ್ಮು.

ಇಲಿಯಾಜ್ ಸಾಬರು ಕೈಸನ್ನೆ ಮಾಡಿ ಕರೆದರು,
ಟೇಬಲ್ಲಿನ ಅಡಿಯಿಂದ ಸಿಗರೇಟು ಡಬ್ಬಿ ತೆಗೆದರು.
ಅದರಲ್ಲಿದ್ದ ಆನೆಗೆ ಸೊಂಡಿಲಿಲ್ಲ, ಮುಖವಿಲ್ಲ;
ಬೆನ್ನಿನದೊಂದು ಗೆರೆ, ನಾಲ್ಕರಲ್ಲಿ ಮೂರು ಕಾಲು.
"ಕೈಯಿಂದ ಕೈಗೆ ಹೋಗಿ ಸವೆದದ್ದು, ಅಕ್ಕಾ.
ನೀವು ಬಲ್ಲಿರಿ."
ಮುನ್ನೂರೈವತ್ತು. ಅವ್ವ ಚೌಕಾಸಿ ಮಾಡಲಿಲ್ಲ.
ನನ್ನ ನೋಟುಗಳನ್ನು ಬೆರಳ ಸಂದಿಗೆ ಸಿಕ್ಕಿಸಿ
ಉದ್ದಕ್ಕೆ ಮಡಿಚಿ ಎಣಿಸಿಕೊಟ್ಟಳು.

ಬಾಗಿಲ ಹತ್ತಿರ ಪ್ಲಾಸ್ಟಿಕ್ ಬುಟ್ಟಿ:
ಯಾವುದು ತೊಗೊಂಡ್ರೂ ಹತ್ತು.
ಅಲ್ಲಿ ನಿಂತವಳು ನಿಂತೇಬಿಟ್ಟಳು.
ಘೇಂಡಾಮೃಗದ ನಾಲ್ಕಾಣೆ, ಒಂದಾದ ಮೇಲೆ ಒಂದು,
ಮೂರು ಹೆಕ್ಕಿದಳು.

"ಅಣಜಿ ಕ್ರಾಸಿನಾಗ ಒಬ್ಬಾಕಿ ಇಳಿದ್ಲು, ತಿಪ್ಪೇಶಿ.
ಬುಟ್ಟೀಲಿ ಕೋಳಿ ಇತ್ತು, ಅದಕ್ಕೂ ಟಿಕೀಟು ಕೊಟ್ಟಿದ್ದೆ.
ಮುಕ್ಕಾಲು ರೂಪಾಯಿ ಬಾಕಿ ಅಂತ ಹಿಂದೆ ಬರೆದಿದ್ದೆ.
ಮರೆತು ರೈಟ್ ಹೇಳಿದ್ದೂ ನಾನೇ.
ಆಕಿ ನಾಲ್ಕು ಹೆಜ್ಜೆ ಓಡಿ ಕೈ ಎತ್ತಿದ್ಲು.
ಟಾಟಾ ಮಾಡ್ತಾಳೆ ಅಂತ
ನಾನೂ ಕೈ ಬೀಸಿದೆ."

"ಈಗ ಇವು ನಡೆಯಲ್ಲವ್ವ," ಎಂದೆ.
ಗೊತ್ತು ಅನ್ನುವಂತೆ ನೋಡಿದಳು,
ಮೂವತ್ತು ರೂಪಾಯಿ ಕೊಟ್ಟು
ಮುಕ್ಕಾಲು ರೂಪಾಯಿ ಕೊಂಡಳು.

ಆಚೆ ಮಂಡಕ್ಕಿ ಮಿರ್ಚಿ ತಿಂದೆವು.
ಅಂಗಡಿಯವ ಚಿಲ್ಲರೆಗೆ ಬದಲು ಚಾಕಲೇಟು ನೀಡಿದ.
ಅವ್ವ ಚಾಚಿದ ಅಂಗೈ ಮಡಚದೆ ನಿಂತಳು,
ಅವನು ಪಕ್ಕದ ಅಂಗಡಿಗೆ ಓಡಿಹೋಗಿ
ಎರಡು ರೂಪಾಯಿ ತರುವ ತನಕ.
ಬಾಯಿ ಖಾರಕ್ಕೆ ಉರಿಯುತ್ತಿತ್ತು.
ಚಾಕಲೇಟು ತೊಗೊಳ್ಳಬಹುದಿತ್ತು.

ಆನೆ ನನ್ನ ಆಲ್ಬಮ್ಮಿನಲ್ಲಿದೆ,
ಕೇಳಿದವರಿಗೆಲ್ಲ ಅದು ಆನೆ ಎಂದು ಹೇಳಬೇಕು.
ಘೇಂಡಾಮೃಗ ಮೂರೂ ಖಾಕಿ ಜೇಬಿನಲ್ಲೇ ಉಳಿದು
ಒಗೆಯುವಾಗ ಬಕೆಟ್ಟಿನ ತಳದಲ್ಲಿ ಸದ್ದು ಮಾಡುತ್ತಿದ್ದವು.
ಡ್ರೈವರು ಗೊಣಗುತ್ತಿದ್ದನಂತೆ:
ಅಣಜಿ ಕ್ರಾಸಿನಲ್ಲಿ ಹತ್ತುವವರಿಲ್ಲ,
ಇಳಿಯುವವರು ಇಳಿದಾಯಿತು,
ಆದರೂ ಹಾಲಮ್ಮನ ಸೀಟಿ
ಯಾವಾಗಲೂ ಒಂದಿಷ್ಟು ತಡ.