ನಾಲ್ಕಾಣೆ ಅಗಲದ ಗಂಟಲು

ಸಿದ್ದಾಪುರದ ಭಾನುವಾರದ ಸಂತೆ.
ಒಣಮೀನಿನ ವಾಸನೆಯ ಬೆನ್ನಿಗೇ
ನನ್ನ ರಿಪೇರಿ ಅಂಗಡಿ ಹೊಕ್ಕ ಬೊಳಕ, ಮಾಲ್ದಾರೆ ಕಡೆಯ ಆನೆ ಕಾವಲಿನವ.
ಮೇಜಿನ ಮೇಲಿಟ್ಟ, ಸೋಪಿನ ಡಬ್ಬಿಯಷ್ಟು ಪೆಟ್ಟಿಗೆ.
"ಎಸ್ಟೇಟಿನವರು ಕೊಟ್ಟದ್ದಕ್ಕಾ. ಗುಂಡಿ ಒತ್ತಿದರೆ
ಹೆಜ್ಜೇನು ಏಳಬೇಕಂತೆ, ಆನೆ ಓಡಬೇಕಂತೆ."
ಒತ್ತಿದ.
ಒಳಗೆಲ್ಲೋ ಒಂದು ಸೊಳ್ಳೆಗೆ ನೆಗಡಿ.

"ಮೊನ್ನೆ ರಾತ್ರಿ ಒಂಟಿಸಲಗ
ಇದನ್ನು ಕೇಳುತ್ತಲೇ ಹಲಸಿನಹಣ್ಣು ತಿಂದು ಮುಗಿಸಿತು.
ಬೀಜವನ್ನೂ ಬಿಡಲಿಲ್ಲ."

ಸ್ಕ್ರೂ ಬಿಚ್ಚಿದೆ.
ನಾಲ್ಕಾಣೆ ಅಗಲದ ಗಂಟಲು, ಈರುಳ್ಳಿ ಸಿಪ್ಪೆಯಂಥ ಪೊರೆ,
ಅದರ ಬೆನ್ನಿಗೆ ಗೋಡೆಯಿಲ್ಲ, ಬಟಾಬಯಲು.
ಮುಂದೆ ತಳ್ಳಿದ ಗಾಳಿ ಅಂಚು ಸುತ್ತಿ ಹಿಂದೆ ಓಡುತ್ತದೆ,
ಹಿಂದಿನದು ಮುಂದೆ ಬಂದು ಅದನ್ನೇ ನುಂಗುತ್ತದೆ.
ಒಂದೇ ಉಸಿರಲ್ಲಿ ಹೌದು, ಅಲ್ಲ
ಎರಡನ್ನೂ ಹೇಳುವವನ ಮಾತು ಯಾವ ಪಂಚಾಯಿತಿಯಲ್ಲಿ ನಡೆದೀತು?
ಕೀರಲು ಉಳಿಯುತ್ತದೆ. ದಪ್ಪ ದನಿ ಅಲ್ಲೇ ಸಾಯುತ್ತದೆ.

"ಜೋರು ಮಾಡಿಬಿಡಕ್ಕಾ."
ಎಲ್ಲರೂ ಮೊದಲು ಕೇಳುವುದು ಅದನ್ನೇ.
ಜೋರು ಬೇರೆ ಬೊಳಕ, ತುಂಬು ಬೇರೆ.

ಮರುದಿನ ಬಿದಿರು ತಂದ.
ಒಂದು ಗೆಣ್ಣು ಉಳಿಸಿ ಕೊಯ್ದೆ: ತಳ ತಾನೇ ಮುಚ್ಚಿಕೊಂಡ ಕೋಣೆ.
ಬಾಯಿಗೆ ಗಂಟಲನ್ನು ಕೂರಿಸಿದೆ.
ನನ್ನ ಗೋಂದು ಒಣಗಿ ಬಿರುಕು ಬಿಟ್ಟಿತು,
ಅವನ ಸೊಂಟದ ಚೀಲದ ಜೇನುಮೇಣ ಬಿಡಲಿಲ್ಲ.
ಕುರ್ಚಿಯ ದಿಂಬು ಹರಿದು ಬೂರುಗದ ಹತ್ತಿ ತುರುಕಿದೆ,
ಹೆಚ್ಚಾಯಿತು, ದನಿ ಕಂಬಳಿ ಹೊದ್ದು ಮಲಗಿತು.
ಅರ್ಧ ತೆಗೆದೆ.

ಬೊಳಕ ಕಣ್ಣು ಮುಚ್ಚಿ ಕೂತ. ಅವನ ಅಜ್ಜನೂ ಜೇನು ಇಳಿಸಿದವನು.
"ಇದು ಮಿಸ್ರಿ."
ಮತ್ತೆ ತಿದ್ದಿದೆ.
"ಈಗ ತುಡುವೆ."
ಪೊರೆಗೆ ಎಟುಕದ ತೀರ ಕೆಳಗಿನ ದನಿಗಳನ್ನು
ಕಂಪ್ಯೂಟರಿನಲ್ಲಿ ಕತ್ತರಿಸಿ ಹಾಕಿದೆ.
ಆ ಭಾರ ಹೊರಲು ಹೋಗಿಯೇ ಪಾಪ ಅದು ಏದುಸಿರು ಬಿಡುತ್ತಿದ್ದದ್ದು.
"ಈಗ ಹೆಜ್ಜೇನೇ. ಆದರೆ ಸಿಟ್ಟಿಲ್ಲ.
ಮಧ್ಯಾಹ್ನ ನೀರಿಗೆ ಹೋಗುವ ಹೆಜ್ಜೇನು."

ಸಿಟ್ಟು ಹೇಗಿರುತ್ತದೆ ಅಂದೆ.
ಎದೆಗೂಡಿನಿಂದ ಒಂದು ಗುಂಯ್ ಎಳೆದ.
ತಟ್ಟೆಯಲ್ಲಿದ್ದ ನನ್ನ ಸ್ಕ್ರೂಗಳು ಮಿಸುಕಿದವು.

ಅಷ್ಟು ಆಳ ಈ ಗಂಟಲಿಗೆ ಏಳು ಜನ್ಮಕ್ಕೂ ಇಲ್ಲ.
ಆದರೆ ಒಂದು ಕಳ್ಳದಾರಿ ಗೊತ್ತು ನನಗೆ:
ಮೇಲಿನ ಮೂರು ಮೆಟ್ಟಿಲು ಅಳತೆ ತಪ್ಪದೆ ಇಟ್ಟರೆ
ಇಲ್ಲದ ಕೆಳಮೆಟ್ಟಿಲನ್ನು ಕಿವಿ ತಾನೇ ಕಟ್ಟಿಕೊಳ್ಳುತ್ತದೆ,
ಕಟ್ಟಿದ್ದು ತಾನೆಂದು ಅದಕ್ಕೇ ತಿಳಿಯುವುದಿಲ್ಲ.

ಇಟ್ಟೆ. ಒತ್ತಿದೆ.
ಪಕ್ಕದಂಗಡಿಯ ಕುಂಞಾಮು
ಗೋಣಿಚೀಲ ತಲೆಗೆ ಹೊದ್ದು ರಸ್ತೆಗೆ ಓಡಿದ.
ತೂಕದ ಬಟ್ಟು ಇನ್ನೂ ಕೈಯಲ್ಲೇ ಇತ್ತು.
ಬೊಳಕ ನಗಲಿಲ್ಲ. ಅವನ ಕೈಯ ರೋಮ ನೆಟ್ಟಗಾಗಿತ್ತು.

ಎಂಟು ದಿನ ಬಿಟ್ಟು ಬಂದ.
"ಓಡಿತಾ?"
"ಓಡಲಿಲ್ಲಕ್ಕಾ. ನಿಂತಿತು.
ಮುದಿ ಹೆಣ್ಣಾನೆ. ಒಂದು ಕಾಲು ಎತ್ತಿ,
ಸೊಂಡಿಲ ತುದಿ ನೆಲಕ್ಕಿಟ್ಟು
ನೀನು ಹತ್ತಿ ತೆಗೆದು ತೆಗೆದು ಕೇಳುತ್ತಿದ್ದೆಯಲ್ಲ, ಹಾಗೆ.
ಆಮೇಲೆ ಮರಿಯನ್ನು ಪಕ್ಕಕ್ಕೆ ಸರಿಸಿ
ತೋಡು ದಾಟಿ ಬೇರೆ ದಾರಿ ಹಿಡಿಯಿತು.
ಅವಸರವೇ ಇರಲಿಲ್ಲ."

ನಮಗೆ ಎಟುಕದ ಆಳವೂ ಆನೆಗೆ ಕೇಳುತ್ತದಂತೆ.
ನಾನು ಕಟ್ಟದೆ ಬಿಟ್ಟ ಮೆಟ್ಟಿಲು
ಅದರ ಕಿವಿಗೆ ಕಟ್ಟಿತೋ, ಇಲ್ಲ
ಖಾಲಿ ಜಾಗ ಖಾಲಿಯಾಗಿಯೇ ಕಂಡು
ಪಾಪ, ಇಷ್ಟು ಕಷ್ಟಪಟ್ಟಿದ್ದಾರೆ, ಹೋಗಲಿ ಅಂದುಕೊಂಡಿತೋ.

"ಬ್ಯಾಟರಿ ಮಾತ್ರ ಬೇಗ ಇಳಿಯುತ್ತೆ," ಅಂದ ಬೊಳಕ,
ಇನ್ನೂ ನಾಲ್ಕು ಪೆಟ್ಟಿಗೆ ಚೀಲದಿಂದ ತೆಗೆಯುತ್ತ.

ಮೇಜಿನ ಮೂಲೆಯಲ್ಲಿ ಉಳಿದ ಮೇಣದ ಚೂರಿಗೆ
ಇರುವೆಗಳ ಸಾಲು.
ಅವಕ್ಕೆ ಯಾವ ದನಿಯೂ ಬೇಕಾಗಿರಲಿಲ್ಲ.